ಅಜ್ಜಿಯ ಕ್ಯಾಸೆಟ್ಟಿನ ಶ್ರುತಿ

ತೀರ್ಥಹಳ್ಳಿಯ ಬಳಿಯ ನಮ್ಮ ಮನೆಯಲ್ಲಿ 1984ರಲ್ಲಿ ಅಜ್ಜಿ ಹಾಡಿದ ದೇವರನಾಮಗಳ ಒಂದು ಕ್ಯಾಸೆಟ್ಟಿದೆ. ಅಜ್ಜಿ ತೀರಿಕೊಂಡ ಮೇಲೆ ಅಮ್ಮ ಅದನ್ನು ವರ್ಷಗಟ್ಟಲೆ ಕೇಳಿ, ಟೇಪ್ ರೆಕಾರ್ಡರ್ ಕೆಟ್ಟ ನಂತರ ಟ್ರಂಕಿನಲ್ಲಿಟ್ಟಿದ್ದರು. ಈಚೆಗೆ ತೆಗೆದು ನೋಡಿದಾಗ ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿದಿತ್ತು. ಟೇಪನ್ನು ಹೆಡ್ಡಿಗೆ, ಅಂದರೆ ಟೇಪಿನಿಂದ ದನಿಯನ್ನು ಓದುವ ಯಂತ್ರದ ಭಾಗಕ್ಕೆ, ಒತ್ತಿ ಹಿಡಿಯುವ ಪುಟ್ಟ ಫೆಲ್ಟ್ ತುಂಡು ಅಂಟು ಒಣಗಿ ಕಳಚಿಬಿದ್ದಿತ್ತು. ಮಲೆನಾಡಿನ ಮಳೆಗಾಲಗಳನ್ನು ಕಂಡ ಕ್ಯಾಸೆಟ್ಟಿಗೆ ಇದು ಸಹಜವೇ.

ಇಂಥದ್ದನ್ನು ಕುತೂಹಲ ತಡೆಯಲಾರದೆ ಕೂಡಲೇ ಹಾಕಿ ಕೇಳಬಾರದು. ಬೂಷ್ಟು ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಟೇಪು ಸುಮಾರು 12 ಮೈಕ್ರಾನ್‌ನಷ್ಟೇ ದಪ್ಪವಿರುವುದರಿಂದ ಎಲ್ಲಾದರೂ ಅಂಟಿಕೊಂಡರೆ ಹಿಗ್ಗುತ್ತದೆ ಅಥವಾ ಹರಿಯುತ್ತದೆ. ನಮ್ಮದರ ಕವಚಕ್ಕೆ ಸ್ಕ್ರೂಗಳಿರಲಿಲ್ಲ. ಅಂಚನ್ನು ಬ್ಲೇಡಿನಿಂದ ಬಿಡಿಸಿ, ಬೂಷ್ಟನ್ನು ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಸುರುಳಿಗಳೆರಡನ್ನೂ ಐದು ಸ್ಕ್ರೂಗಳ ಬೇರೊಂದು ಕವಚಕ್ಕೆ ವರ್ಗಾಯಿಸಲು ಇಡೀ ಭಾನುವಾರ ಹಿಡಿಯಿತು.

ಮೊದಲ ಸಲ ಕೇಳಿದಾಗ ದನಿ ಕಂಬಳಿ ಹೊದ್ದಂತೆ ಮಂಕಾಗಿತ್ತು. ಧ್ವನಿಮುದ್ರಿಸಿದ ಯಂತ್ರದ ಹೆಡ್ಡು ಇದ್ದ ಓರೆಯಲ್ಲೇ ನುಡಿಸುವ ಯಂತ್ರದ ಹೆಡ್ಡೂ ಇರದಿದ್ದರೆ ದನಿಯ ಎತ್ತರದ ಸ್ವರಾಂಶಗಳು ಕರಗಿಹೋಗುತ್ತವೆ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ, ‘ಸ’ ‘ಶ’ಗಳು ಸ್ಪಷ್ಟವಾದ ಕ್ಷಣದಲ್ಲಿ ನಿಲ್ಲಿಸಿದೆ. ಅನಂತರವೇ 48 ಕಿಲೋಹರ್ಟ್ಸ್, 24 ಬಿಟ್‌ನ ವೇವ್ ಕಡತವಾಗಿ ಕಂಪ್ಯೂಟರಿಗೆ ಇಳಿಸಿ, ಅದರ ಮೂಲಪ್ರತಿಯನ್ನು ಮುಟ್ಟದೆ ಬೇರೆಯಾಗಿ ತೆಗೆದಿಟ್ಟೆ. ಅಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಗದ್ದಲವನ್ನು ಸ್ವಲ್ಪವೇ ತಗ್ಗಿಸಿದೆ; ಅತಿಯಾದರೆ ಹಾಡುವವರು ನೀರೊಳಗಿಂದ ಹಾಡಿದಂತಾಗುತ್ತದೆ.

ನಿಜವಾದ ತೊಡಕು ಶ್ರುತಿಯದು. ಅಜ್ಜಿಯ ಹಾಡುಗಳನ್ನು ಮುದ್ರಿಸಿದ ರೆಕಾರ್ಡರ್ ನಡೆಯುತ್ತಿದ್ದುದು ಸೆಲ್ಲುಗಳಿಂದ. ಸೆಲ್ಲು ಇಳಿದಂತೆ ಮೋಟಾರು ನಿಧಾನವಾಗುತ್ತದೆ. ಹಾಗೆ ನಿಧಾನಗತಿಯಲ್ಲಿ ಮುದ್ರಿತವಾದದ್ದನ್ನು ಸೆಕೆಂಡಿಗೆ 4.76 ಸೆಂಟಿಮೀಟರಿನ ಸರಿಯಾದ ವೇಗದಲ್ಲಿ ನುಡಿಸಿದಾಗ ದನಿ ಏರುತ್ತದೆ, ಹಾಡು ಓಡುತ್ತದೆ. ಅದೃಷ್ಟಕ್ಕೆ ಹಿನ್ನೆಲೆಯಲ್ಲಿ ಹಾರ್ಮೋನಿಯಂ ಇದೆ, ಆ ಹಾರ್ಮೋನಿಯಂ ಇನ್ನೂ ಮನೆಯಲ್ಲಿದೆ. ನಮ್ಮಲ್ಲಿ ಭಜನೆಯೆಂದರೆ ಶ್ರುತಿ ಕಪ್ಪು ಒಂದೇ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ; ಅದರ ಮೇಲಿನ ಪಕ್ಕದ ಮನೆಯೇ ಬಿಳಿ ಎರಡು. ಕ್ಯಾಸೆಟ್ಟಿನಲ್ಲಿ ಮೊದಲ ಹಾಡಿನ ಆಧಾರಸ್ವರವಾದ ಷಡ್ಜವೇ ಕಪ್ಪು ಒಂದಕ್ಕೂ ಬಿಳಿ ಎರಡಕ್ಕೂ ನಡುವೆ ಎಲ್ಲೋ ತೂಗಾಡುತ್ತಿತ್ತು, ಕೊನೆಯ ಹಾಡಿನ ಹೊತ್ತಿಗೆ ಬಿಳಿ ಎರಡನ್ನೂ ದಾಟಿತ್ತು. ಒಂದು ಮನೆಯಷ್ಟು ಏರಿದೆಯೆಂದರೆ ವೇಗ ಸುಮಾರು ಶೇಕಡಾ 6ರಷ್ಟು ಹೆಚ್ಚಿದೆಯೆಂದರ್ಥ. ಹಾರ್ಮೋನಿಯಂ ತೊಡೆಯ ಬಳಿ ಇಟ್ಟುಕೊಂಡು ಹಾಡು ಹಾಡಿಗೂ ವೇಗ ತಗ್ಗಿಸುತ್ತ ಹೋದೆ. ಓಟ ನಿಂತು, ಅಜ್ಜಿ ಸಾಲಿನ ಕೊನೆಯಲ್ಲಿ ಉಸಿರೆಳೆದುಕೊಳ್ಳುವುದೂ ಕೇಳತೊಡಗಿತು.

ಅಮ್ಮನಿಗೆ ಕೇಳಿಸಿದೆ. ಎರಡು ಹಾಡು ಮುಗಿಯುವವರೆಗೆ ಸುಮ್ಮನಿದ್ದು, “ಅಮ್ಮ ಇಷ್ಟು ನಿಧಾನವಾಗಿ ಹಾಡ್ತಿರಲಿಲ್ಲ ಕಣೋ, ದನಿಯೂ ಇಷ್ಟು ದಪ್ಪ ಇರಲಿಲ್ಲ” ಎಂದರು. ಹಾರ್ಮೋನಿಯಂ ನುಡಿಸಿ ತೋರಿಸಿದೆ, ಒಪ್ಪಲಿಲ್ಲ. ಈಗ ಅವರ ಮೊಬೈಲಿನಲ್ಲಿರುವುದು ವೇಗ ತಿದ್ದದ ಪ್ರತಿ.