"ಬರ ತಡಿಯೋ ಬೀಜ ಕೊಡ್ರಿ" ಅಂದಾಗ ಮೊದಲು ಕೇಳಬೇಕಾದ ಮಾತು

ಧಾರವಾಡದಲ್ಲಿ ತಳಿ ಪರೀಕ್ಷೆಯ ಪ್ಲಾಟ್‌ ನೋಡಿಕೊಳ್ಳುವುದು ನನ್ನ ಕೆಲಸ. ಹೂ ಬಿಟ್ಟ ದಿನ, ಎಲೆ ಒಣಗಿದ ರೀತಿ, ಕಾಳಿನ ತೂಕ ಎಲ್ಲ ಬರೆದಿಡಬೇಕು. ನವಲಗುಂದ, ನರಗುಂದ, ರೋಣದ ಕಡೆ ರೈತರ ಹೊಲಗಳಿಗೂ ಹೋಗುತ್ತಿರುತ್ತೇನೆ. ಅಲ್ಲಿ ಪದೇ ಪದೇ ಕಿವಿಗೆ ಬೀಳುವ ಮಾತು: "ಸರ, ಬರ ತಡಿಯೋ ಬೀಜ ಯಾವುದೈತಿ ಹೇಳ್ರಿ." ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ತಟ್ಟನೆ ಒಂದು ತಳಿಯ ಹೆಸರು ಹೇಳಿಬಿಡುತ್ತಾರೆ. ಅವರಿಗೆ ನಾನು ಹೇಳಿಕೊಡುವುದು ಒಂದೇ. ಹೆಸರು ಆಮೇಲೆ, ಮೊದಲು "ನಿಮ್ಮ ಹೊಲದಾಗ ಹಸಿ ಯಾವಾಗ ಆರ್ತೈತ್ರಿ ಯಜಮಾನ್ರ?" ಅಂತ ಕೇಳಿ.

ಯಾಕೆಂದರೆ ಬರ ಒಂದೇ ಥರ ಇರುವುದಿಲ್ಲ. ರೋಣದ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಹಿಂಗಾರಿ ಬಿಳಿಜೋಳ ಮಳೆಯನ್ನು ನಂಬಿ ಬೆಳೆಯುವುದಲ್ಲ, ನೆಲದಲ್ಲಿ ಉಳಿದ ಹಸಿಯ ಮೇಲೆ ಬೆಳೆಯುವುದು. ಬಿತ್ತುವಾಗ ಹಸಿ ಬೇಕಾದಷ್ಟು ಇರುತ್ತದೆ, ತೆನೆ ಕಾಳು ಕಟ್ಟುವ ಹೊತ್ತಿಗೆ ಆರಿರುತ್ತದೆ. ಇಲ್ಲಿ ಗೆಲ್ಲುವುದು ಮೊದಲಿಗೆ ಹದವಾಗಿ ಬೆಳೆದು ನೀರು ಉಳಿಸಿಕೊಳ್ಳುವ ಗಿಡ. ಜೋಳದಲ್ಲಿ ಸ್ಟೇ-ಗ್ರೀನ್ ಅನ್ನುವ ಗುಣ ಇದೆ. ಇಥಿಯೋಪಿಯಾ ಮೂಲದ ಜೋಳದಿಂದ ಬಂದ ಬಿ-35 ಎಂಬ ತಳಿ ಸಾಲಿನಲ್ಲಿ ಈ ಗುಣದ ನಾಲ್ಕು ಮುಖ್ಯ ಜೀನ್ ಜಾಗಗಳನ್ನು ಗುರುತಿಸಿದ್ದಾರೆ, ಎಸ್‌ಟಿಜಿ-1ರಿಂದ ಎಸ್‌ಟಿಜಿ-4ರವರೆಗೆ. ಅವು ಇದ್ದ ಗಿಡ ಬುಡದಿಂದ ಮರಿ ಕಡಿಮೆ ಒಡೆಯುತ್ತದೆ, ಮೇಲಿನ ಎಲೆ ಸಣ್ಣದಿರುತ್ತದೆ. ಹೂವಿಗೆ ಮೊದಲು ನೀರಿನ ಖರ್ಚು ಕಡಿಮೆ, ಹಾಗಾಗಿ ಕಾಳು ತುಂಬುವಾಗಲೂ ಎಲೆ ಹಸಿರಾಗಿರುತ್ತದೆ. ಮೊದಲ ತಿಂಗಳಲ್ಲಿ ಸೊಂಪಾಗಿ ಕಂಡ ಸಾಲನ್ನೇ "ಚಲೋ ಐತಿ" ಅಂತ ಬರೆದುಕೊಂಡರೆ ಈ ಗುಣ ಕೈತಪ್ಪಿ ಹೋಗುತ್ತದೆ. ಮಾಲದಂಡಿ ಎಂ 35-1 ಎಂಬ ಜೋಳದ ತಳಿ ಸೋಲಾಪುರ ಕಡೆಯ ಊರ ತಳಿಯಿಂದಲೇ ಆರಿಸಿದ್ದು, ಇವತ್ತಿಗೂ ನಮ್ಮ ಎರಿ ಹೊಲದಲ್ಲಿದೆ. ಈ ನೆಲದ ಲೆಕ್ಕ ಅದಕ್ಕೆ ಗೊತ್ತು ಅಂತ ನನಗೆ ಅನ್ನಿಸುತ್ತದೆ.

ಹಾವೇರಿಯ ಮುಂಗಾರಿ ಗೋವಿನಜೋಳದ (ಮೆಕ್ಕೆಜೋಳದ) ಕಥೆ ಬೇರೆ. ಅಲ್ಲಿ ಮಳೆ ನಡುವೆ ಕೈಕೊಡುತ್ತದೆ. ಹೂವಿನ ಹೊತ್ತಿಗೆ ನೀರು ಸಾಲದಿದ್ದರೆ ಗಂಡು ಹೂವು ಪರಾಗ ಉದುರಿಸಿ ಮುಗಿಸಿದರೂ ತೆನೆಯ ರೇಷ್ಮೆ ಹೊರಗೆ ಬಂದಿರುವುದಿಲ್ಲ, ಕಾಳು ಕಟ್ಟುವುದಿಲ್ಲ. ಆದ್ದರಿಂದ ಅಲ್ಲಿ ನೋಡಬೇಕಾದ್ದು ಗಂಡು ಹೂವಿಗೂ ರೇಷ್ಮೆಗೂ ನಡುವಿನ ದಿನಗಳ ಅಂತರ. ಬರದಲ್ಲೂ ಆ ಅಂತರ ಹಿಗ್ಗದ ಸಾಲೇ ಬೇಕು. ಜೋಳದ ಪುಸ್ತಕ ಹಿಡಿದುಕೊಂಡು ಗೋವಿನಜೋಳ ಆರಿಸಲು ಆಗುವುದಿಲ್ಲ.

"ಚಳಿ, ಬರ, ಉಪ್ಪು ಮೂರಕ್ಕೂ ಒಂದೇ ಜೀನ್ ಇದೆಯಂತಲ್ಲ ಸರ್?" ಅಂತ ಓದಿದ ಹುಡುಗರು ಕೇಳುತ್ತಾರೆ. ಇದೆ, ನಿಜ. ಡಿಆರ್‌ಇಬಿ-1ಎ ಎಂಬ ಆ ಜೀನ್ ಮನೆಯ ಮೇನ್ ಸ್ವಿಚ್ ಇದ್ದ ಹಾಗೆ. ಅದು ತಯಾರಿಸುವ ಪ್ರೋಟೀನ್ ಹತ್ತಾರು ಬೇರೆ ಜೀನ್‌ಗಳನ್ನು ಒಟ್ಟಿಗೆ ಎಬ್ಬಿಸುತ್ತದೆ. ಜಪಾನಿನ ವಿಜ್ಞಾನಿಗಳು ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಇದನ್ನು ಸದಾ ಚಾಲೂ ಇರುವಂತೆ ಮಾಡಿದಾಗ ಗಿಡ ಹಿಮ, ಬರ, ಉಪ್ಪು ಮೂರನ್ನೂ ತಡೆದುಕೊಂಡಿತು, ಆದರೆ ಕುಳ್ಳಾಯಿತು. 1999ರಲ್ಲಿ ಅವರೇ ಇನ್ನೊಂದು ದಾರಿ ತೋರಿಸಿದರು. ಕಷ್ಟ ಬಂದಾಗ ಮಾತ್ರ ಚಾಲೂ ಆಗುವ ಪ್ರಮೋಟರ್ (ಜೀನ್ ಯಾವಾಗ ಏಳಬೇಕೆಂದು ತೀರ್ಮಾನಿಸುವ ತುಣುಕು) ಕೂಡಿಸಿದಾಗ ತಡೆಯುವ ಗುಣ ಉಳಿಯಿತು, ಬೆಳವಣಿಗೆಯೂ ಅಷ್ಟು ಕುಂಠಿತವಾಗಲಿಲ್ಲ. ನನ್ನ ಕೆಲಸಕ್ಕೆ ಇದರಷ್ಟು ಉಪಯೋಗಕ್ಕೆ ಬಂದ ಪ್ರಯೋಗ ಇನ್ನೊಂದಿಲ್ಲ. ಯಾವ ಜೀನ್ ಅನ್ನುವಷ್ಟೇ ಮುಖ್ಯ, ಅದು ಯಾವಾಗ ಏಳುತ್ತದೆ ಅನ್ನುವುದು.

ಚಳಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಮ್ಮಲ್ಲಿ ಹಿಮ ಬೀಳುವುದಿಲ್ಲ. ಆದರೆ ಜೋಳಕ್ಕೆ ತೆನೆ ಹೊರಡುವ ಮುಂಚೆ ರಾತ್ರಿ ಉಷ್ಣಾಂಶ 13 ಡಿಗ್ರಿಗಿಂತ ಕೆಳಗಿಳಿದರೆ ಪರಾಗ ಸೊರಗಬಹುದು. ಮುಂಗಾರಿಯ ಹೈಬ್ರಿಡ್ ತಂದು ಹಿಂಗಾರಿಗೆ ಹಾಕಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಉಪ್ಪಿನ ವಿಷಯ ಮಾತ್ರ ಬಿಡಿಸಿ ಹೇಳಲೇಬೇಕು. ಕಾಲುವೆ ನೀರು ಹೆಚ್ಚಾಗಿ ಜವುಳು ಹಿಡಿದು ಸವಳಾದ (ಉಪ್ಪೇರಿದ) ಎರಿ ನೆಲ ನವಲಗುಂದ, ನರಗುಂದದ ಕಡೆ ಇದೆ. ಸವಳು ಗಿಡವನ್ನು ಎರಡು ಸಲ ಹೊಡೆಯುತ್ತದೆ. ಮೊದಲು ಬೇರಿಗೆ ನೀರು ಎಳೆಯಲು ಬಿಡುವುದಿಲ್ಲ, ಅದು ಬರದ ಥರವೇ. ವಾರಗಳ ನಂತರ ಎಲೆಯಲ್ಲಿ ಸೋಡಿಯಂ ಕೂಡಿ ಹಳೆ ಎಲೆ ಅಂಚಿನಿಂದ ಸುಡುತ್ತದೆ. ಎರಡನೆಯದನ್ನು ತಡೆಯುವುದು ಎಚ್‌ಕೆಟಿ ಗುಂಪಿನ ಜೀನ್‌ಗಳು. ಬೇರಿನಿಂದ ಮೇಲೇರುವ ನೀರಿನಲ್ಲಿರುವ ಸೋಡಿಯಂ ಅನ್ನು ದಾರಿಯಲ್ಲೇ ಹಿಡಿದು ಬೇರಿನಲ್ಲೇ ಇಟ್ಟುಕೊಳ್ಳುತ್ತವೆ. ಚಪಾತಿ ಗೋಧಿಗೆ 42 ಕ್ರೋಮೊಸೋಮ್, ಅದರ ಕ್ರೋಮೊಸೋಮ್ ಗುಂಪುಗಳಲ್ಲಿ ಒಂದಾದ ಡಿ ಜೀನೋಮ್‌ನಲ್ಲಿ ಇಂಥ ಜೀನ್ ಇದೆ. ನಮ್ಮ ಜವೆಗೋಧಿಗೂ ಪಾಸ್ತಾ, ರವೆಗೆ ಬಳಸುವ ಡ್ಯೂರಂ ಗೋಧಿಗೂ 28 ಮಾತ್ರ, ಡಿ ಜೀನೋಮ್ ಇಲ್ಲ. ಡ್ಯೂರಂ ಚಪಾತಿ ಗೋಧಿಗಿಂತ ಸವಳಿಗೆ ಬೇಗ ಸೋಲಲು ಇದು ದೊಡ್ಡ ಕಾರಣ. 2012ರಲ್ಲಿ ಆಸ್ಟ್ರೇಲಿಯಾದವರು ಹಳೆಯ ಸಂಬಂಧಿ ಗೋಧಿಯ ಇಂಥದೇ ಜೀನನ್ನು ಸಾಮಾನ್ಯ ಕ್ರಾಸಿಂಗ್ ಮೂಲಕವೇ ಡ್ಯೂರಂಗೆ ತಂದರು. ಸವಳು ನೆಲದಲ್ಲಿ ಇಳುವರಿ ಶೇಕಡ 25ರವರೆಗೆ ಹೆಚ್ಚಿತು.

ಆದರೂ ತಳಿಗಿಂತ ಮೊದಲು ಬೆಳೆಯನ್ನೇ ಯೋಚಿಸಿ ಅನ್ನುತ್ತೇನೆ. ಇಳುವರಿ ಇಳಿಯಲು ಶುರುವಾಗುವ ಇ.ಸಿ. (ಮಣ್ಣಿನ ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದರಿಂದ ಉಪ್ಪನ್ನು ಅಳೆಯುವ ಲೆಕ್ಕ, ಡೆಸಿಸೀಮೆನ್ಸ್/ಮೀಟರ್) ಮಟ್ಟ ಉಳ್ಳಾಗಡ್ಡಿಗೆ 1.2, ಮೆಣಸಿನಕಾಯಿಗೆ 1.5, ಗೋವಿನಜೋಳಕ್ಕೆ 1.7. ಜೋಳಕ್ಕೆ 6.8, ಹತ್ತಿಗೆ 7.7. ಸವಳು ಹೊಲದಲ್ಲಿ ಉಳ್ಳಾಗಡ್ಡಿ ತಳಿ ಬದಲಿಸುತ್ತಾ ಕೂತು ದುಡ್ಡು ಕಳೆದುಕೊಂಡವರನ್ನು ಕಂಡು ಹೊಟ್ಟೆ ಉರಿದಿದೆ. ಅವರಿಗೆ ಈ ಅಂಕಿಗಳನ್ನು ಯಾರೂ ಹೇಳಿರಲಿಲ್ಲ.

ಇಲ್ಲೊಂದು ಎಚ್ಚರ ಬೇಕು. ಈ ಅಂಕಿಗಳು ಮಣ್ಣನ್ನು ರಾಡಿಯಾಗುವಷ್ಟೇ ನೆನೆಸಿ ಹಿಂಡಿ ತೆಗೆದ ನೀರಿನವು. ಎಷ್ಟೋ ಲ್ಯಾಬ್‌ಗಳು ಒಂದು ಪಾಲು ಮಣ್ಣಿಗೆ ಎರಡು, ಎರಡೂವರೆ ಪಾಲು ನೀರು ಬೆರೆಸಿ ಅಳೆಯುತ್ತವೆ, ಆಗ ರೀಡಿಂಗ್ ಬಹಳ ಕಡಿಮೆ ಬರುತ್ತದೆ. ಮಣ್ಣು ಪರೀಕ್ಷೆಯ ಕಾರ್ಡಿನಲ್ಲಿ 1.2 ಅಂತ ಇದ್ದರೆ ಹೊಲದಲ್ಲಿ ಉಪ್ಪು ಅದಕ್ಕಿಂತ ಎಷ್ಟೋ ಜಾಸ್ತಿ ಇರಬಹುದು. ಅಳೆದ ವಿಧಾನ ಯಾವುದು ಅಂತ ಲ್ಯಾಬಿನವರನ್ನು ಕೇಳಿ ಕಾರ್ಡಿನ ಮೇಲೆಯೇ ಬರೆಸಿಕೊಳ್ಳಿ. ಸ್ಯಾಂಪಲ್‌ಗೆ ಮೇಲಿನ ಬಿಳಿ ಪದರನ್ನಷ್ಟೇ ಕೆರೆದು ತರಬೇಡಿ. ಬೇರು ಇಳಿಯುವ ಆಳದವರೆಗೂ ಬೇರೆ ಬೇರೆ ಚೀಲದಲ್ಲಿ ಮಣ್ಣು ತೆಗೆದು, ಪ್ರತಿ ಚೀಲದ ಮೇಲೆ ಆಳ ಬರೆಯಿರಿ.