ರಸ ಹಿಂಡಿದ ಮೇಲೆ ಉಳಿದದ್ದು

ಇವತ್ತು ಲ್ಯಾಬ್‌ನಲ್ಲಿ ದ್ರಾಕ್ಷಿ ಸಿಪ್ಪೆ ಮತ್ತು ಬೀಜದ ಪುಡಿಯದ್ದೇ ಕೆಲಸ. ರಸ ಹಿಂಡಿದ ಮೇಲೆ ಇದು ಕಸ. ಆದರೆ ಪಾಲಿಫಿನಾಲ್‌ಗಳು, ಅಂದರೆ ಗಿಡದಲ್ಲಿರುವ ಒಂದು ಬಗೆಯ ಆಂಟಿಆಕ್ಸಿಡೆಂಟ್‌ಗಳು, ಜಾಸ್ತಿ ಇರುವುದು ಇಲ್ಲೇ. ಬಿಸಿಲು, ಕೀಟ, ಬೂಷ್ಟಿನ ಕಾಟ ತಡೆಯಲು ಗಿಡ ಇವನ್ನು ಮಾಡಿಕೊಳ್ಳುತ್ತದೆ. ಕಾವಲು ಹೊರಗಿನ ಪದರದಲ್ಲೇ ಇರಬೇಕು, ಅಲ್ವಾ?

ಹೊರಗೆ ತೆಗೆಯುವುದು ಮಾತ್ರ ನಾಜೂಕಿನ ಕೆಲಸ. ಬರೀ ನೀರು ಸಾಲದು, ಬರೀ ಎಥನಾಲ್ ಕೂಡ ಸಾಲದು. ಎರಡನ್ನೂ ಬೆರೆಸಿ, ಎಥನಾಲ್ ಶೇ. 50ರಿಂದ 70ರಷ್ಟು ಇಟ್ಟರೆ ಸಾಮಾನ್ಯವಾಗಿ ಚೆನ್ನಾಗಿ ಬರುತ್ತದೆ. ನೀರು ಒಣಗಿದ ಪುಡಿಯನ್ನು ಉಬ್ಬಿಸುತ್ತದೆ, ಎಥನಾಲ್ ಒಳಗಿನದ್ದನ್ನು ಕರಗಿಸಿಕೊಳ್ಳುತ್ತದೆ. ಬಿಸಿ ಮಾಡಿದರೆ ಕೆಲಸ ಬೇಗ ಆಗುತ್ತದೆ ನಿಜ. ಆದರೆ ಬಿಸಿ ಹೆಚ್ಚಾಗಿ, ಗಾಳಿ ಬೆಳಕೂ ತಗುಲಿದರೆ ಈ ಪಾಲಿಫಿನಾಲ್‌ಗಳೇ ಆಕ್ಸಿಡೈಸ್ ಆಗಿ, ಅಂದರೆ ಆಮ್ಲಜನಕದ ಜೊತೆ ವರ್ತಿಸಿ, ಕೆಡುತ್ತವೆ. ಬೇರೆಯದನ್ನು ಉಳಿಸಲು ತಾನು ಮೊದಲು ಕೆಡುವುದೇ ಆಂಟಿಆಕ್ಸಿಡೆಂಟ್ ಕೆಲಸ. ಸುಮ್ನೆ ಬೈದು ಪ್ರಯೋಜನವಿಲ್ಲ.

ಒತ್ತಡ ಹಾಕಿದ ಕಾರ್ಬನ್ ಡೈಆಕ್ಸೈಡ್‌ನಿಂದಲೂ ತೆಗೆಯಬಹುದು. 31 ಡಿಗ್ರಿ ಸೆಲ್ಸಿಯಸ್, 74 ಬಾರ್ ದಾಟಿದರೆ ಅದು ಗಾಳಿಯಂತೆ ನುಗ್ಗುತ್ತದೆ, ದ್ರವದಂತೆ ಕರಗಿಸುತ್ತದೆ. ಕ್ಯಾರೆಟ್‌ಗೆ ಬಣ್ಣ ಕೊಡುವ ಕೆರೋಟಿನಾಯ್ಡ್‌ಗಳಂಥವಕ್ಕೆ ಇದು ಸರಿ, ಪಾಲಿಫಿನಾಲ್‌ಗೆ ಸ್ವಲ್ಪ ಎಥನಾಲ್ ಸೇರಿಸಲೇಬೇಕು.

ನನಗೆ ಇಷ್ಟವಾಗುವುದು ಆಂಟಿಆಕ್ಸಿಡೆಂಟ್ ಶಕ್ತಿ ಅಳೆಯುವ ಡಿಪಿಪಿಎಚ್ ಪರೀಕ್ಷೆ. ಡಿಪಿಪಿಎಚ್ ಎಂಬ ರಾಸಾಯನಿಕದ ನೇರಳೆ ದ್ರಾವಣಕ್ಕೆ ಸಾರ ಬಿಟ್ಟರೆ ನಿಧಾನವಾಗಿ ಹಳದಿಗೆ ತಿರುಗುತ್ತದೆ. 517 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಬಣ್ಣ ಎಷ್ಟು ಇಳಿಯಿತು ಅಂತ ಅಳೆದರೆ ಶಕ್ತಿ ಗೊತ್ತಾಗುತ್ತದೆ. ಗಾಜಿನ ಕೊಳವೆಯೊಳಗಿನ ಶಕ್ತಿ ಅಷ್ಟೇ. ಕರುಳು ಎಷ್ಟು ಹೀರುತ್ತದೆ, ಲಿವರ್ ಏನು ಮಾಡುತ್ತದೆ ಅನ್ನುವುದು ಬೇರೆ ಲೆಕ್ಕ. ಡಬ್ಬಿಯ ಮೇಲೆ ಇಂಥ ಅಂಕಿಯನ್ನೇ ದೊಡ್ಡದಾಗಿ ಅಚ್ಚು ಹಾಕುವವರನ್ನು ಕಂಡರೆ ನಗು ಬರುತ್ತದೆ.