ನಡುಮಧ್ಯಾಹ್ನದ ಟಿಟ್ಟಿಭ

ಹಕ್ಕಿ ನೋಡುವವರು ಮಧ್ಯಾಹ್ನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಸುಕಿನಲ್ಲಿ ಹೊರಟು ಬಿಸಿಲೇರುವ ಹೊತ್ತಿಗೆ ದುರ್ಬೀನನ್ನು ಚೀಲಕ್ಕೆ ಸೇರಿಸುವುದು ಅವರ ಕ್ರಮ, ಅದಕ್ಕೆ ಕಾರಣವೂ ಇದೆ. ನೆತ್ತಿಯ ಮೇಲಿನ ಸೂರ್ಯನಿಂದಾಗಿ ಕೊಂಬೆಯ ಹಕ್ಕಿ ಕೆಳಗಿನಿಂದ ಬರೀ ಕಪ್ಪು ಆಕೃತಿಯಾಗಿ ಕಾಣುತ್ತದೆ, ಕಾದ ನೆಲದಿಂದೇಳುವ ಗಾಳಿ ದೂರದ ನೋಟವನ್ನೆಲ್ಲ ನಡುಗಿಸುತ್ತದೆ, ಮುಂಜಾನೆ ಹಾಡಿದ ಕೊರಳುಗಳು ಎಲೆಗಳ ಮರೆಯಲ್ಲಿ ಸುಮ್ಮನಾಗಿರುತ್ತವೆ. ನನಗೆ ಆಯ್ಕೆ ಇರಲಿಲ್ಲ. ಕೆಲಸದ ನಡುವೆ ಸಿಗುವ 40 ನಿಮಿಷಗಳ ಬಿಡುವಷ್ಟೇ ನನ್ನದಾಗಿದ್ದುದರಿಂದ, ಹತ್ತಿರದ ಕೆರೆಯಂಗಳದ ಕಾಲುದಾರಿಯಲ್ಲಿ ನಡೆಯಲು ಮೊದಲು ಮಾಡಿದೆ.

ಸೆಪ್ಟೆಂಬರಿನಲ್ಲಿ, ನೀರಿನಂಚಿನ ಕಲ್ಲುಗಳ ಮೇಲೆ ಬಾಲ ಕುಣಿಸುತ್ತ ಓಡಾಡುವ ಬೂದು ಸಿಪಿಲೆಯನ್ನು ಕಂಡಾಗ, ಹಿಮಾಲಯದ ತೊರೆಗಳ ಕಡೆಯಿಂದ ಬಂದ ಅತಿಥಿ ನನ್ನ ಊಟದ ಬಿಡುವಿಗೇ ಸಿಕ್ಕಿತಲ್ಲ ಎಂದು ಹಿಗ್ಗಿದೆ. ಚಳಿಗಾಲದಲ್ಲಿ ಹದ್ದುಗಳು ಮಧ್ಯಾಹ್ನದ ಬೆಲೆಯನ್ನು ತೋರಿಸಿಕೊಟ್ಟವು. ಬೆಳಿಗ್ಗೆ ಕಂಬದ ಮೇಲೆ ಪೆಚ್ಚಾಗಿ ಕೂತಿರುವ ಹದ್ದು, ನೆಲ ಕಾದು ಬಿಸಿಗಾಳಿ ಮೇಲೇಳತೊಡಗಿದೊಡನೆ, ರೆಕ್ಕೆಯನ್ನು ಒಮ್ಮೆಯೂ ಬಡಿಯದೆ ಸುತ್ತು ಸುತ್ತಾಗಿ ಏರಿ ಚುಕ್ಕೆಯಾಗಿಬಿಡುತ್ತದೆ. ಫೆಬ್ರವರಿಯ ಹೊತ್ತಿಗೆ ಎಲೆ ಕಳಚಿಕೊಂಡ ಮುತ್ತುಗದ ಮರ ಕೆಂಡದಂಥ ಹೂ ಬಿಟ್ಟಿತು. ಅದರಲ್ಲಿ ಸೂರಕ್ಕಿ, ಗೊರವಂಕ, ಕಾಜಾಣಗಳ ಸಂತೆ ನೆರೆಯಿತು.

ಏಪ್ರಿಲ್ ಬಂದ ಮೇಲೆ ಬಿಸಿಲು ನನ್ನ ಹುಮ್ಮಸ್ಸನ್ನು ಬಾಡಿಸಿತು. ಕಂಚುಗಾರ ಹಕ್ಕಿಯೊಂದೇ ಎಲ್ಲೋ ಕೂತು ‘ಟುಕ್ ಟುಕ್’ ಎಂದು ಬಿಡುವಿಲ್ಲದೆ ಕುಟ್ಟುತ್ತಿತ್ತು. ಅಂಥ ಒಂದು ದಿನ, ಅರ್ಧಕ್ಕೇ ಹಿಂದಿರುಗುವ ಯೋಚನೆಯಲ್ಲಿ ದಾರಿ ಬಿಟ್ಟು ಒಣಗಿದ ಕೆರೆಯಂಗಳವನ್ನು ಅಡ್ಡ ಹಾಯುತ್ತಿದ್ದಾಗ, ಟಿಟ್ಟಿಭ ಹಕ್ಕಿಯೊಂದು ಕಿರುಚುತ್ತ ನನ್ನ ತಲೆಯ ಮೇಲೆಯೇ ಎರಗಿ ಬಂತು. ಟಿಟ್ಟಿಭಗಳು ಸುಮ್ಮಸುಮ್ಮನೆ ಗದ್ದಲ ಮಾಡುತ್ತವೆ ಎಂಬ ನನ್ನ ತಪ್ಪು ತಿಳಿವಳಿಕೆಯಿಂದ ಇನ್ನೆರಡು ಹೆಜ್ಜೆ ಮುಂದಿಟ್ಟೆ. ಮೂರನೆಯದನ್ನು ಇಡಬೇಕಾದ ಜಾಗದ ಪಕ್ಕದಲ್ಲೇ, ಸಣ್ಣ ಕಲ್ಲುಗಳ ನಡುವಿನ ತಗ್ಗಿನಲ್ಲಿ, ಚೂಪು ತುದಿಗಳನ್ನು ಒಳಮುಖವಾಗಿಸಿಕೊಂಡು ನಾಲ್ಕು ಮೊಟ್ಟೆಗಳಿದ್ದವು. ಮಣ್ಣಿನ ಬಣ್ಣ, ಅದರ ಮೇಲೆ ಕಪ್ಪು ಮಚ್ಚೆ. ಕಣ್ಣು ಕ್ಷಣ ಬೇರೆಡೆ ಸರಿದರೂ ಮತ್ತೆ ಹುಡುಕಬೇಕಾಗುವಂಥ ವೇಷ ಅದು.

ಬಂದ ಹೆಜ್ಜೆಯ ಮೇಲೆಯೇ ಹೆಜ್ಜೆಯಿಟ್ಟು ಹಿಂದೆ ಸರಿದು, ದೂರದ ಜಾಲಿಯ ಕೆಳಗೆ ಕುಳಿತು ದುರ್ಬೀನು ಹಿಡಿದೆ. ಹಕ್ಕಿ ನೇರವಾಗಿ ಗೂಡಿಗೆ ಬರಲಿಲ್ಲ. ಇಲ್ಲದ ಹುಳುವನ್ನು ಹೆಕ್ಕುವಂತೆ ನಟಿಸುತ್ತ, ನಿಲ್ಲುತ್ತ, ಬಳಸುದಾರಿಯಲ್ಲಿ ನಡೆದು ಬಂತು. ಬಂದ ಮೇಲೆ ಕಾವಿಗೆ ಕೂರುತ್ತದೆಂದು ಕಾದರೆ, ಅದು ಕೂರಲೇ ಇಲ್ಲ. ಸೂರ್ಯನಿಗೆ ಬೆನ್ನು ಕೊಟ್ಟು, ರೆಕ್ಕೆಗಳನ್ನು ತುಸು ಸಡಿಲಿಸಿ, ಮೊಟ್ಟೆಗಳ ಮೇಲೆ ನೆರಳಾಗಿ ನಿಂತಿತು. ಕೊಕ್ಕು ತೆರೆದಿತ್ತು, ಗಂಟಲು ಸಣ್ಣಗೆ ಅದುರುತ್ತಿತ್ತು. ಹಕ್ಕಿಗಳಿಗೆ ಬೆವರುಗ್ರಂಥಿಗಳಿಲ್ಲ. ಒಳಗಿನ ತೇವವನ್ನು ಹೀಗೆ ಉಸಿರಿನೊಂದಿಗೆ ಹೊರಹಾಕಿಯೂ ಅವು ಮೈಯನ್ನು ತಂಪಾಗಿಸಿಕೊಳ್ಳುತ್ತವೆ. ಕೋಳಿಮೊಟ್ಟೆಗೆ ಯಂತ್ರದಲ್ಲಿ ಕೊಡುವ ಕಾವು 37.5 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನದು, ಆ ಬಯಲಿನ ಮಣ್ಣು ಅದಕ್ಕಿಂತ ಎಷ್ಟೋ ಹೆಚ್ಚು ಕಾದಿತ್ತು. ಕಾವು ಕೊಡುವುದೆಂದರೆ ಬಿಸಿ ಮಾಡುವುದೆಂದೇ ತಿಳಿದಿದ್ದ ನಾನು, ಮೊಟ್ಟೆ ಬೇಯದಂತೆ ಕಾಯುವುದೂ ಅದೇ ಕೆಲಸದ ಇನ್ನೊಂದು ಪಾಳಿ ಎಂಬುದನ್ನು ಅಲ್ಲಿ ನೋಡಿದೆ.

ಸ್ವಲ್ಪ ಹೊತ್ತಿನ ಬಳಿಕ ಅದರ ಜೋಡಿ ಕೆರೆಯ ನಡುವೆ ಉಳಿದಿದ್ದ ನೀರಿನಲ್ಲಿ ಹೊಟ್ಟೆಯನ್ನು ಅದ್ದಿ, ಮತ್ತೆ ಅದ್ದಿ, ತೊಯ್ದ ಗರಿಗಳೊಂದಿಗೆ ಬಂತು. ಮೊದಲ ಹಕ್ಕಿ ಸದ್ದಿಲ್ಲದೆ ಸರಿದುಕೊಂಡಿತು. ಬಂದದ್ದು ಮೊಟ್ಟೆಗಳ ಮೇಲೆ ಮೆಲ್ಲನೆ ಇಳಿದು, ಆ ತೇವವನ್ನು ಅವಕ್ಕೆ ತಾಗಿಸಿ ಕುಳಿತಿತು. ಟಿಟ್ಟಿಭಗಳು ಹೀಗೆ ಹೊಟ್ಟೆಯಲ್ಲಿ ನೀರು ಹೊತ್ತು ತರುತ್ತವೆಂದು ಓದಿದ್ದೆನಾದರೂ, ಕಣ್ಣಾರೆ ಕಂಡಾಗ ಆ ಓದು ಎಷ್ಟು ಒಣದಾಗಿತ್ತೆನಿಸಿತು. ಮುಂಜಾನೆಯ ತಂಪಿನಲ್ಲಿ ಈ ದೃಶ್ಯಕ್ಕೆ ಅವಕಾಶವೇ ಇಲ್ಲ. ಅಂದು ಕೆಲಸಕ್ಕೆ ಹಿಂದಿರುಗುವಾಗ ತಡವಾಗಿತ್ತು, ಬೈಸಿಕೊಂಡದ್ದೂ ಆಯಿತು.

ಮೊಟ್ಟೆಯೊಡೆಯಲು ಸುಮಾರು ನಾಲ್ಕು ವಾರ ಬೇಕು. ಅಷ್ಟು ದಿನವೂ ನಾನು ಬಯಲಿಗೆ ಇಳಿಯದೆ ಏರಿಯ ಮೇಲಿನಿಂದಲೇ ನೋಡಿದೆ, ಫೋಟೋದ ಆಸೆಯನ್ನೂ ಬಿಟ್ಟೆ. ನನ್ನ ಹೆಜ್ಜೆಯ ಜಾಡು ಹಿಡಿದು ನಾಯಿಗಳು ಅತ್ತ ಹೋದಾವೆಂಬ ಅಳುಕಿತ್ತು. ಮೇ ತಿಂಗಳ ಎರಡನೆಯ ವಾರ ಒಂದು ದಿನ ಆ ಜಾಗದಲ್ಲಿ ಯಾವ ಹಕ್ಕಿಯೂ ನಿಂತಿರಲಿಲ್ಲ. ಮರಿಗಳು ಮೊಟ್ಟೆಯಿಂದ ಹೊರಬಂದ ಸ್ವಲ್ಪ ಹೊತ್ತಿಗೇ ಓಡಾಡಬಲ್ಲವಾದ್ದರಿಂದ, ಖಾಲಿ ತಗ್ಗು ಒಳ್ಳೆಯ ಸುದ್ದಿಯೂ ಆಗಿರಬಹುದಿತ್ತು, ಕೆಟ್ಟದ್ದೂ ಆಗಿರಬಹುದಿತ್ತು. ವಾರದ ನಂತರ, ಮೊದಲ ಮಳೆಯ ಹೊಂಡದ ಬಳಿ ಎರಡು ಟಿಟ್ಟಿಭಗಳು ನನ್ನನ್ನು ಕಂಡು ಕೂಗಿದವು. ಅವುಗಳ ಕಾಲ ಬಳಿ ಓಡುತ್ತಿದ್ದ ಎರಡು ಮಣ್ಣುಂಡೆಗಳು ಆ ಕೂಗಿಗೆ ಥಟ್ಟನೆ ಕುಸಿದು ನೆಲವಾಗಿಬಿಟ್ಟವು. ಆ ನಾಲ್ಕರಲ್ಲಿ ಉಳಿದವು ಇವೇ ಇರಬೇಕೆಂದುಕೊಂಡು ನಿಂತಲ್ಲಿಂದಲೇ ಹಿಂದೆ ಸರಿದೆ.